ಡಬ್ಬಿಯ ಮೇಲಿನ ಕ್ಯೂಆರ್ ಕೋಡ್ ಯಾರಿಗೆ?

ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್ ಔಷಧಿಗಳಿಗೆ ಕೇಂದ್ರ ಸರ್ಕಾರ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಕಡ್ಡಾಯ ಮಾಡಿತು. ಇನ್ನು ಔಷಧಿಯ ಜಾತಕವೆಲ್ಲ ಮೊಬೈಲಿನಲ್ಲೇ ಸಿಗುತ್ತದೆ ಎಂದುಕೊಂಡವರು ಬಹಳ. ಸಿಗುವುದು ಔಷಧಿಯ ಹೆಸರು, ಬ್ರ್ಯಾಂಡ್, ತಯಾರಕರ ವಿಳಾಸ, ಬ್ಯಾಚ್ ನಂಬರ್, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಲೈಸೆನ್ಸ್ ನಂಬರ್. ನಕಲಿ ಮಾಲು ಪತ್ತೆಹಚ್ಚಲು ಇವು ಬೇಕು, ನಿಜ. ಮಾತ್ರೆಯನ್ನು ಹೇಗೆ ನುಂಗಬೇಕೆಂಬುದು ಮಾತ್ರ ಇದರಲ್ಲಿ ಇಲ್ಲ.

ಮೈಸೂರಿನ ಮನೆಗಳಲ್ಲಿ ಸಾಮಾನ್ಯವಾಗಿರುವ ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಬೇಕು, ತಿಂಡಿಗೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ಮಾತ್ರೆಯ ಹಿಂದೆಯೇ ಫಿಲ್ಟರ್ ಕಾಫಿ ಕುಡಿದರೆ ಔಷಧಿ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಡುವೆ ನಾಲ್ಕು ಗಂಟೆ ಬಿಡಬೇಕು. ಇಷ್ಟು ತಿಳಿಯದೆ ಡೋಸ್ ಏರಿಸಿಕೊಂಡು ಹೋಗುವವರಿದ್ದಾರೆ. ಕೋಡ್ ಸ್ಕ್ಯಾನ್ ಮಾಡಿದರೆ ಅವರಿಗೆ ಕಾರ್ಖಾನೆಯ ವಿಳಾಸ ಸಿಗುತ್ತದೆ!

ಅದೂ ಕೋಡ್ ಕೈಗೆ ಬಂದರೆ. ಮೈಸೂರಿನ ಕೆ.ಆರ್. ಆಸ್ಪತ್ರೆ ಸುತ್ತಲಿನ ಮೆಡಿಕಲ್ ಶಾಪ್‌ಗಳಲ್ಲಿ ‘ಸದ್ಯಕ್ಕೆ ನಾಲ್ಕು ಕೊಡಿ ಸಾರ್’ ಎನ್ನುವವರು ಇದ್ದೇ ಇರುತ್ತಾರೆ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಮೇಲೆ 1-0-1 ಎಂದು ಗೀಚಿ ಕೊಡುತ್ತಾರೆ. ಸ್ಟ್ರಿಪ್ಪಿನಲ್ಲಿ ಜಾಗ ಸಾಲದಿದ್ದರೆ ಕೋಡನ್ನು ಹೊರಡಬ್ಬಿಯ ಮೇಲೆ ಹಾಕಲು ನಿಯಮವೇ ಅವಕಾಶ ಕೊಟ್ಟಿದೆ. ಆ ಡಬ್ಬಿ ಅಂಗಡಿಯಲ್ಲೇ ಉಳಿಯುತ್ತದೆ.

ಡಬ್ಬಿಯೊಳಗೆ ಮಡಚಿಟ್ಟ ಚೀಟಿಯೂ ಅಷ್ಟೆ. ಇರುವೆ ಸಾಲಿನಂಥ ಇಂಗ್ಲಿಷ್. ಎಷ್ಟೋ ಚೀಟಿಗಳ ನೆತ್ತಿಯ ಮೇಲೆ ‘ನೋಂದಾಯಿತ ವೈದ್ಯರು, ಆಸ್ಪತ್ರೆ, ಪ್ರಯೋಗಾಲಯದ ಬಳಕೆಗೆ ಮಾತ್ರ’ ಎಂಬ ಅರ್ಥದ ಸಾಲು. ಬ್ರಿಟನ್ನಿನಲ್ಲಿ ರೋಗಿಗೆಂದೇ ಬರೆದ ಕರಪತ್ರಗಳನ್ನು ಇಎಂಸಿ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಅವೂ ಉದ್ದುದ್ದ; ಅಡ್ಡಪರಿಣಾಮಗಳ ಪಟ್ಟಿ ಓದಿದರೆ ಮಾತ್ರೆಯ ಸಹವಾಸವೇ ಬೇಡ ಎನಿಸುತ್ತದೆ. ಅದನ್ನು ಹಾಗೇ ನಕಲು ಮಾಡಬೇಕಿಲ್ಲ.

ನಮ್ಮಲ್ಲಿ ಏನೂ ಆಗಿಲ್ಲವೆಂದಲ್ಲ. ‘ಫಾರ್ಮಾ ಸಹಿ ದಾಮ್’ ಆ್ಯಪ್ ಬೆಲೆ ತೋರಿಸುತ್ತದೆ. ಔಷಧಿಯಿಂದ ತೊಂದರೆಯಾದರೆ ರೋಗಿಯೇ ತಿಳಿಸಲು ಕನ್ನಡದಲ್ಲೂ ಅರ್ಜಿ ನಮೂನೆ ಇದೆ. ತೊಂದರೆಯಾದ ಮೇಲೆ ಕನ್ನಡದಲ್ಲಿ ವಿಚಾರಿಸುವ ಸರ್ಕಾರ, ಮೊದಲೇ ಕನ್ನಡದಲ್ಲಿ ಎಚ್ಚರಿಸುವ ಗೋಜಿಗೆ ಹೋಗಿಲ್ಲ.

ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಸಿದ್ಧಪಡಿಸಲು ಮೈಸೂರಿಗಿಂತ ತಕ್ಕ ಊರು ಇನ್ನೊಂದಿಲ್ಲ. ರೋಗಿಗಳ ಜೊತೆ ಕೂತು ಔಷಧಿ ವಿವರಿಸುವ ವಿದ್ಯೆಯನ್ನು ಜೆಎಸ್ಎಸ್ ಫಾರ್ಮಸಿ ಕಾಲೇಜು ವರ್ಷಗಳಿಂದ ಕಲಿಸುತ್ತಿದೆ. ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವಿದೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದು 384 ಔಷಧಿ. ಒಂದೊಂದಕ್ಕೆ ಒಂದು ಪುಟ ಕನ್ನಡ, ಓದಲು ಬಾರದವರಿಗೆ ಎರಡು ನಿಮಿಷದ ಧ್ವನಿಮುದ್ರಣ. ಅದೇ ಕೋಡಿಗೆ ಜೋಡಿಸಿದರಾಯಿತು.

ಅಲ್ಲಿಯವರೆಗೆ ಕೌಂಟರಿನಲ್ಲಿ ಸಂಕೋಚವಿಲ್ಲದೆ ಕೇಳಿ. ಔಷಧಿ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯ. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲೇ ಅದು ಇದೆ.