ಸೂಕ್ಷ್ಮಜೀವಿಗಳ ಉದ್ಯಮ ಮತ್ತು ಅಹಿಂಸೆಯ ಲೆಕ್ಕ

ವಂಶವಾಹಿ ತಂತ್ರಜ್ಞಾನದ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಬಿ.ಟಿ. ಹತ್ತಿ, ಬಿ.ಟಿ. ಬದನೆಗಳ ಮಾತೇ ಮುಂದಾಗುತ್ತದೆ. ಆದರೆ ಈ ತಂತ್ರಜ್ಞಾನವು ಶ್ರಾವಕರ ಮನೆಗೆ ಬಂದಿರುವುದು ಹೊಲದ ದಾರಿಯೊಂದರಿಂದಲೇ ಅಲ್ಲ. ಉಕ್ಕಿನ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುವ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಶಿಲೀಂಧ್ರಗಳ ಮೂಲಕ ಅದು ಔಷಧದ ಶೀಶೆಯನ್ನೂ ಚೀಸಿನ ತುಂಡನ್ನೂ ಬಟ್ಟೆ ಒಗೆಯುವ ಪುಡಿಯನ್ನೂ ಸೇರಿ ದಶಕಗಳೇ ಕಳೆದಿವೆ. ಈ ಕುರಿತು ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಪ್ರಾಣಿಯ ವಂಶವಾಹಿಯೂ ಅಸಂಖ್ಯ ಜೀವಗಳ ನಾಶವೂ ಸೇರಿರುವುದರಿಂದ ಇವೆಲ್ಲವೂ ತ್ಯಾಜ್ಯವೆಂಬುದು ಒಂದು. ವಿಜ್ಞಾನವು ಕಸಾಯಿಖಾನೆಯನ್ನು ಅನಾವಶ್ಯಕಗೊಳಿಸಿದ್ದರಿಂದ ಇದು ಅಹಿಂಸೆಯ ವಿಜಯವೆಂಬುದು ಇನ್ನೊಂದು. ಎರಡೂ ಪಕ್ಷದವರು ಅರ್ಧ ಲೆಕ್ಕ ಬರೆದು ಶಿಲ್ಕು ತೆಗೆದಿದ್ದಾರೆ ಎಂದು ನನ್ನ ಅಭಿಪ್ರಾಯ.

ಮೊದಲು ಸಂಗತಿಗಳನ್ನು ನೋಡೋಣ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. ಅಂದಿನಿಂದ ಆರು ದಶಕಗಳ ಕಾಲ ಜಗತ್ತಿನ ಮಧುಮೇಹಿಗಳು ಅವಲಂಬಿಸಿದ್ದು ಕಸಾಯಿಖಾನೆಯಿಂದ ಬಂದ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಗಳನ್ನು. ಎಂಟು ಔನ್ಸ್ ಶುದ್ಧ ಇನ್ಸುಲಿನ್ನಿಗೆ ಹಂದಿಗಳ ಸುಮಾರು ಎರಡು ಟನ್ ಅವಯವಗಳು ಬೇಕಾಗುತ್ತಿದ್ದವು. 1978ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ರಾಸಾಯನಿಕವಾಗಿ ಜೋಡಿಸಿ, ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಆ ಬ್ಯಾಕ್ಟೀರಿಯಾ ತನ್ನ ಸಂತತಿಯೊಡನೆ ಇನ್ಸುಲಿನ್ನನ್ನೂ ಉತ್ಪಾದಿಸತೊಡಗಿತು. 1982ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಾದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. 1978ರಲ್ಲಿ ಆರಂಭವಾದಾಗ ಇದೇ ಸಂಸ್ಥೆಯ ಮೊದಲ ಸರಕುಗಳಲ್ಲಿ ಒಂದು ಪರಂಗಿಯ ಹಾಲಿನ ಕಿಣ್ವ. ಇನ್ನೊಂದು, ಬಿಯರನ್ನು ತಿಳಿಗೊಳಿಸಲು ಬಳಸುವ, ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ.

ಚೀಸಿನ ಕಥೆಯೂ ಇಂಥದೇ. ನಮ್ಮ ಪನೀರಿಗೆ ಹಾಲನ್ನು ಹುಳಿ ಹಿಂಡಿ ಒಡೆಸುತ್ತೇವೆ. ಯೂರೋಪಿನ ಚೀಸಿಗೆ ಹಾಲು ಕುಡಿಯುವ ಕರುವಿನ ನಾಲ್ಕನೆಯ ಜಠರದಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಬೇಕಿತ್ತು. ಕರುವನ್ನು ಕೊಲ್ಲದೆ ಅದು ದೊರೆಯುತ್ತಿರಲಿಲ್ಲ. ಕರುವಿನ ಜೀವಕೋಶದಿಂದ ನಕಲು ಮಾಡಿದ ಆ ವಂಶವಾಹಿಯನ್ನು ಇ. ಕೋಲಿಯಲ್ಲಿರಿಸಿ ತಯಾರಿಸಿದ ಕೈಮೋಸಿನ್‌ಗೆ 1990ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬಳಿಕ ಒಂದು ಯೀಸ್ಟ್ ಮತ್ತು ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಕೂಡ ಈ ಕೆಲಸಕ್ಕೆ ಬಂದವು. ಇಂದು ಅಮೆರಿಕದ ಚೀಸಿನ ಬಹುಪಾಲು ಇಂಥ ಕಿಣ್ವದಿಂದಲೇ ಆಗುತ್ತದೆ.

ಈಗ ಮೊದಲ ಪಕ್ಷದ ವಾದವನ್ನು ಪರಿಶೀಲಿಸೋಣ. ವಂಶವಾಹಿಯ ಮೂಲ ಕರುವೆಂಬುದು ನಿಜ. ಆದರೆ ಕರುವಿನ ಜಠರದಿಂದ ಕಿಣ್ವ ತೆಗೆಯುವ ಪದ್ಧತಿಯಲ್ಲಿ ನಾವು ಕೊಡುವ ಪ್ರತಿಯೊಂದು ರೂಪಾಯಿಯೂ ನಾಳಿನ ವಧೆಗೆ ಮುಂಗಡವಾಗುತ್ತದೆ. ಅದು ಸ್ಪಷ್ಟವಾಗಿ ಅನುಮೋದನೆ. ಒಂದು ದೃಷ್ಟಿಯಿಂದ ಕಾರಿತವೂ ಹೌದು. ಸೂಕ್ಷ್ಮಜೀವಿಯ ಪದ್ಧತಿಯಲ್ಲಾದರೋ, ಒಮ್ಮೆ ನಕಲಾದ ವಂಶವಾಹಿ ಸಂತತಿಯಿಂದ ಸಂತತಿಗೆ ಸಾಗುತ್ತದೆ. ಮುಂದಿನ ಖರೀದಿಗೆ ಇನ್ನೊಂದು ಕರು ಬೇಕಾಗುವುದಿಲ್ಲ. ಇನ್ಸುಲಿನ್ನಿನ ವಂಶವಾಹಿಯನ್ನಂತೂ ಯಾವ ಪ್ರಾಣಿಯಿಂದಲೂ ಪಡೆಯಲಿಲ್ಲ. ಈ ಭೇದವನ್ನು ಅಳಿಸಿಹಾಕುವುದು ವಿವೇಕವಲ್ಲ.

ಇನ್ನು ಸಂಖ್ಯೆಯ ವಾದ. ಒಂದು ತೊಟ್ಟಿಯಲ್ಲಿ ಕೋಟ್ಯನುಕೋಟಿ ಜೀವಗಳು ಸಾಯುತ್ತವೆ, ಅದಕ್ಕಿಂತ ಒಂದು ಕರುವಿನ ಸಾವು ಕಡಿಮೆ ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹೊಸದಲ್ಲ. ಅನೇಕ ಸಣ್ಣ ಜೀವಗಳ ಘಾತಕ್ಕಿಂತ ಒಂದು ದೊಡ್ಡ ಪ್ರಾಣಿಯ ಘಾತ ಲೇಸೆಂದು ಬಗೆಯಬಾರದೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎಂದೋ ಉತ್ತರಿಸಿದ್ದಾರೆ. ಏಕೇಂದ್ರಿಯ ಜೀವಕ್ಕೆ ಪ್ರಾಣಗಳು ನಾಲ್ಕು, ಮನಸ್ಸುಳ್ಳ ಪಂಚೇಂದ್ರಿಯಕ್ಕೆ ಹತ್ತು. ಬ್ಯಾಕ್ಟೀರಿಯಾವನ್ನು ಯಾವ ವರ್ಗದಲ್ಲಿ ಇಡಬೇಕೆಂಬುದರಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲವಾದರೂ, ಅದನ್ನು ಕರುವಿನ ಸಾಲಿನಲ್ಲಿ ನಿಲ್ಲಿಸಿದವರು ಯಾರೂ ಇಲ್ಲ. ತಲೆಯೆಣಿಕೆಯಿಂದ ಹಿಂಸೆಯನ್ನು ಅಳೆಯುವುದು ನಮ್ಮ ಆಗಮದ ಕ್ರಮವಲ್ಲ.

ಹಾಗೆಂದು ಎರಡನೆಯ ಪಕ್ಷದ ವಿಜಯೋತ್ಸಾಹಕ್ಕೂ ಆಧಾರ ಸಾಲದು. ವ್ಯಾಪಾರಿಯಾದ ನನಗೆ ಮೊದಲು ಕಾಣುವುದು ಸರಕಿನ ಅಭಾವ. ಚೀಸಿನ ಬೇಡಿಕೆ ಏರಿದಂತೆ ಕರುವಿನ ಜಠರ ಸಾಲದೆ ಬಂತು. ಮಧುಮೇಹಿಗಳ ಸಂಖ್ಯೆ ಏರಿದಂತೆ ಗ್ರಂಥಿಗಳು ಮುಂದೆ ಸಾಲವೆಂಬ ಆತಂಕ ಕಂಪನಿಗಳನ್ನು ಕಾಡಿತು. ಇಲ್ಲಿ ದಯೆಯೂ ಲಾಭವೂ ಆಕಸ್ಮಿಕವಾಗಿ ಒಂದೇ ದಾರಿಯಲ್ಲಿ ನಡೆದವು. ಅವು ಅಗಲುವ ದಿನ ಕಂಪನಿ ಯಾರ ಹಿಂದೆ ಹೋಗುವುದೆಂದು ಹೇಳಬೇಕಾಗಿಲ್ಲ. ಜಠರವು ಕಸಾಯಿಖಾನೆಯ ಉಪಪದಾರ್ಥವಾಗಿತ್ತು. ಅದನ್ನು ಕೊಳ್ಳುವವರು ಕಡಿಮೆಯಾದರೆಂದು ಮಾಂಸಕ್ಕಾಗಿ ನಡೆಯುವ ವಧೆ ನಿಂತಿಲ್ಲ. ಹಾಲಿನ ಉದ್ಯಮಕ್ಕೆ ಬೇಡವಾದ ಗಂಡುಕರುವಿನ ಗತಿಯೂ ಬದಲಾಗಿಲ್ಲ.

ತೊಟ್ಟಿಯೊಳಗಿನ ಲೆಕ್ಕವನ್ನೂ ಬಿಡುವಂತಿಲ್ಲ. ಇ. ಕೋಲಿಯಾದರೆ ಅದರ ಕೋಶವನ್ನೇ ಒಡೆದು ಪದಾರ್ಥವನ್ನು ತೆಗೆಯಬೇಕು. ಯೀಸ್ಟ್ ಮತ್ತು ಶಿಲೀಂಧ್ರಗಳು ಅದನ್ನು ಹೊರಗೆ ಸ್ರವಿಸುತ್ತವೆ. ಆದರೂ ಕೆಲಸ ಮುಗಿದ ಮೇಲೆ ಅವನ್ನೂ ಕೊಲ್ಲಲಾಗುತ್ತದೆ. ನಮ್ಮ ದೇಶದ 1989ರ ನಿಯಮಗಳಂತೆ ಕುಲಾಂತರಿ ಸೂಕ್ಷ್ಮಜೀವಿಗಳನ್ನು ಅನುಮತಿಯಿಲ್ಲದೆ ಪರಿಸರಕ್ಕೆ ಬಿಡುವಂತಿಲ್ಲ. ಪರಿಸರದ ರಕ್ಷಣೆಗೆ ಇದು ಯುಕ್ತವೇ. ಆದರೆ ಹುಟ್ಟಿಸುವಾಗಲೇ ಕೊನೆಗೆ ಕೊಲ್ಲುವ ಸಂಕಲ್ಪವಿರುವ ಉದ್ಯಮವನ್ನು ಶುದ್ಧ ಅಹಿಂಸೆಯೆಂದು ಕರೆಯುವುದು ಹೇಗೆ? ಈ ಜೀವಿಗಳಿಗೆ ಉಣಿಸುವ ಪೋಷಕದ್ರವ್ಯ ಎಲ್ಲಿಂದ ಬಂತೆಂಬುದೂ ಪ್ರಶ್ನೆಯೇ. ಅದು ಸಸ್ಯಮೂಲದ್ದಾಗಿರಬಹುದು, ಮಾಂಸಮೂಲದ್ದೂ ಆಗಿರಬಹುದು.

ಹಾಗಾದರೆ ಗೃಹಸ್ಥನು ನಿರ್ಣಯಿಸುವುದೆಂತು? ನನಗೆ ತೋರುವಂತೆ ಉತ್ತರವಿರುವುದು ಅನರ್ಥದಂಡ ವಿರತಿಯಲ್ಲಿ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕಡಿಯುವುದು ಇವನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಇವೆಲ್ಲವೂ ಏಕೇಂದ್ರಿಯಗಳ ಹಿಂಸೆಯೆಂಬುದನ್ನು ವಾಚಕರು ಗಮನಿಸಬೇಕು. ಗೃಹಸ್ಥನಿಗೆ ಅದನ್ನು ಪೂರ್ತಿಯಾಗಿ ಬಿಡಲಾಗದು. ಆದ್ದರಿಂದಲೇ ಅವನು ಪ್ರಯೋಜನವನ್ನು ಕೇಳಿಕೊಳ್ಳಬೇಕು.

ಈ ಪ್ರಶ್ನೆಯನ್ನು ಕೇಳಿಕೊಂಡರೆ ಒಂದೇ ತಂತ್ರಜ್ಞಾನ ಎರಡು ಖಾತೆಗಳಾಗಿ ಒಡೆಯುತ್ತದೆ. ಹುಟ್ಟಿದ ಕೆಲವೇ ವರ್ಷಗಳಲ್ಲಿ ಮಧುಮೇಹಕ್ಕೆ ತುತ್ತಾಗಿ, ಇನ್ಸುಲಿನ್ ಇಲ್ಲದೆ ಬದುಕಲಾರದ ಮಗುವಿನ ತಾಯಿಗೆ ಹಿಂದೆ ಇದ್ದದ್ದು ದನ ಅಥವಾ ಹಂದಿಯ ಗ್ರಂಥಿಯ ಔಷಧವಷ್ಟೇ. ಇಂದು ಯೀಸ್ಟಿನ ಇನ್ಸುಲಿನ್ ಇದೆ. ಆಕೆ ಅದನ್ನು ನಿಃಶಂಕೆಯಿಂದ ಕೊಡಲಿ. ಹಿಂಸೆ ಇಲ್ಲವೆಂದು ಅಲ್ಲ, ಅದು ಅಲ್ಪವೆಂದು ಮತ್ತು ಅನಿವಾರ್ಯವೆಂದು. ಚೀಸಿಗೆ ಈ ಮಾತು ಹೊಂದದು. ಅದಿಲ್ಲದೆ ಯಾರ ಪ್ರಾಣವೂ ಹೋಗದು. ಮನೆಯಲ್ಲಿ ಮರ್ಯಾದೆಯೊಳಗಿನ ಮೊಸರು ಇರುವಾಗ ಅದು ನಾಲಗೆಯ ಬೇಡಿಕೆ ಮಾತ್ರ. ಒಗೆಯುವ ಪುಡಿಯದು ನಡುವಣ ಸ್ಥಾನ. 1988ರಿಂದ ಶಿಲೀಂಧ್ರದ ಮೂಲಕ ತಯಾರಾಗುತ್ತಿರುವ ಜಿಡ್ಡು ಕರಗಿಸುವ ಕಿಣ್ವವು ನೀರು ಕಾಯಿಸುವ ಉರುವಲನ್ನು ಉಳಿಸಿದರೆ ಅದಕ್ಕೊಂದು ಸಮರ್ಥನೆ ಇದೆ. ಬರೀ ಬಿಳುಪಿನ ಮೋಹಕ್ಕಾದರೆ ಇಲ್ಲ.

2001ರಿಂದ ಪೊಟ್ಟಣಗಳ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಬಂದಿದೆ. ಅದು ಉಪಕಾರಿ ಕ್ರಮ. ಆದರೆ ಪ್ರಾಣಿಮೂಲದ ಅಂಶ ಇಲ್ಲವೆಂಬುದನ್ನಷ್ಟೇ ಅದು ಹೇಳುತ್ತದೆ. ಬೇಕೇ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಕಿಣ್ವದ ಮೂಲವನ್ನೂ ಪೋಷಕದ್ರವ್ಯದ ಮೂಲವನ್ನೂ ತಿಳಿಸಿರೆಂದು ತಯಾರಕರನ್ನು ಪತ್ರ ಬರೆದು ಕೇಳುವುದು ನಮ್ಮ ಸಂಘಗಳು ಮಾಡಬಹುದಾದ ಕೆಲಸ. ಉಳಿದ ಪ್ರಶ್ನೆಯನ್ನು ಪ್ರತಿಯೊಬ್ಬ ಶ್ರಾವಕನೂ ಅಂಗಡಿಯ ಕಟ್ಟೆಯ ಮುಂದೆ ನಿಂತು ತನಗೆ ತಾನೇ ಕೇಳಿಕೊಳ್ಳಬೇಕು.