ಬೌದ್ಧ ಚಿಂತನೆಯಲ್ಲಿ ದ್ವಾರ: ಸಾಂಚಿಯ ತೋರಣಗಳನ್ನು ಕುರಿತು ಒಂದು ಪರಿಶೀಲನೆ

ಸಾಂಚಿಯ ಮಹಾಸ್ತೂಪದ ನಾಲ್ಕು ತೋರಣಗಳನ್ನು ನಾಲ್ಕು ಆರ್ಯಸತ್ಯಗಳ ಸಂಕೇತವೆಂದು ವಿವರಿಸುವುದುಂಟು. ಸಂಖ್ಯಾಸಾಮ್ಯವನ್ನು ಬಿಟ್ಟರೆ ಈ ವಿವರಣೆಗೆ ಬಲವಾದ ಆಧಾರ ಕಾಣುವುದಿಲ್ಲ. ಅಲ್ಲಿನ ದಾನಶಾಸನಗಳು ದಾನಿಗಳ ಹೆಸರು, ಊರು, ವೃತ್ತಿಗಳನ್ನು ದಾಖಲಿಸುತ್ತವೆ. ದಕ್ಷಿಣ ತೋರಣದಲ್ಲಿ ಸಾತಕರ್ಣಿ ರಾಜನ ಶಿಲ್ಪಿಗಳ ಮುಖ್ಯಸ್ಥ ಆನಂದನ ಹೆಸರಿದೆ. ವಿದಿಶೆಯ ದಂತಕಾರರ ಉಲ್ಲೇಖವಿದೆ. ತೋರಣದ ತಾತ್ತ್ವಿಕ ಅರ್ಥವನ್ನು ಅವು ಹೇಳುವುದಿಲ್ಲ. ಆದ್ದರಿಂದ ಗ್ರಂಥಗಳು ಬಳಸಿದ ದ್ವಾರದ ರೂಪಕವನ್ನೂ ಸ್ತೂಪದ ವಿನ್ಯಾಸವನ್ನೂ ಒಟ್ಟಿಗೆ ಇಟ್ಟು ನೋಡುವುದು ಅವಶ್ಯಕ.

ಪಾಳಿ ಸುತ್ತಗಳಲ್ಲಿ ಈ ರೂಪಕಕ್ಕೆ ಎರಡು ಮುಖಗಳಿವೆ. ಸಂಯುತ್ತನಿಕಾಯದ ಕಿಂಸುಕೋಪಮ ಸುತ್ತದಲ್ಲಿ ದೇಹವು ಆರು ದ್ವಾರಗಳುಳ್ಳ ನಗರ. ಸ್ಮೃತಿಯೇ ಅದರ ದ್ವಾರಪಾಲಕ. ಇಲ್ಲಿ ದ್ವಾರವು ಕಾಯಬೇಕಾದದ್ದು. ಮಜ್ಝಿಮನಿಕಾಯದ ಅರಿಯಪರಿಯೇಸನ ಸುತ್ತದಲ್ಲಿಯಾದರೋ, ಉಪದೇಶಕ್ಕೆ ಹಿಂಜರಿದ ಬುದ್ಧನನ್ನು ಅಮೃತದ ದ್ವಾರ ತೆರೆಯುವಂತೆ ಬ್ರಹ್ಮ ಸಹಂಪತಿ ಪ್ರಾರ್ಥಿಸುತ್ತಾನೆ. ಇಲ್ಲಿ ದ್ವಾರವು ತೆರೆಯಬೇಕಾದದ್ದು. ಶೂನ್ಯತೆ, ಅನಿಮಿತ್ತ, ಅಪ್ರಣಿಹಿತ ಎಂಬ ಮೂರು ವಿಮೋಕ್ಷಮುಖಗಳ ಕಲ್ಪನೆಯೂ ಈ ಎರಡನೆಯ ಅರ್ಥಕ್ಕೆ ಸೇರುತ್ತದೆ.

ಈ ಎರಡು ಅರ್ಥಗಳ ಸಂಬಂಧವನ್ನು ಬುದ್ಧನ ಚರಿತ್ರೆಯೇ ಸ್ಪಷ್ಟಪಡಿಸುತ್ತದೆ. ಲಲಿತವಿಸ್ತರದಲ್ಲಿ ಸಿದ್ಧಾರ್ಥನು ಮುಪ್ಪು, ರೋಗ, ಮರಣ, ಸನ್ಯಾಸಗಳನ್ನು ಕಾಣುವುದು ನಗರದ ನಾಲ್ಕು ದ್ವಾರಗಳಿಂದ ಹೊರಟಾಗ. ಶುದ್ಧೋದನನು ಕಾವಲು ಬಿಗಿಗೊಳಿಸಿದರೂ ಮಗನನ್ನು ತಡೆಯಲಾಗಲಿಲ್ಲ. ರಾಜನ ಕಾವಲು ದುಃಖದ ಅರಿವನ್ನು ಹೊರಗಿಡಲು ಯತ್ನಿಸಿತು. ಸ್ಮೃತಿಯ ಕಾವಲು ಆ ಅರಿವನ್ನು ಒಳಗೊಳ್ಳಲು ಚಿತ್ತವನ್ನು ಸಜ್ಜುಗೊಳಿಸುತ್ತದೆ. ಕಾಯುವುದು ತೆರೆಯುವುದಕ್ಕೆ ವಿರೋಧಿಯಲ್ಲ, ಅದರ ಪೂರ್ವಸಿದ್ಧತೆ.

ಸಾಂಚಿಯ ಪೂರ್ವ ತೋರಣದ ನಡುವಣ ಅಡ್ಡತೊಲೆಯಲ್ಲಿ ಮಹಾಭಿನಿಷ್ಕ್ರಮಣದ ದೃಶ್ಯವಿದೆ. ಒಂದು ತುದಿಯಲ್ಲಿ ನಗರ. ಅಲ್ಲಿಂದ ಛತ್ರದಡಿಯಲ್ಲಿ ಸವಾರನಿಲ್ಲದ ಕುದುರೆ ಮತ್ತೆ ಮತ್ತೆ ಕಾಣಿಸಿಕೊಂಡು ಮುಂದೆ ಸಾಗುತ್ತದೆ. ಸಿದ್ಧಾರ್ಥನ ಇರವನ್ನು ಛತ್ರ ಮತ್ತು ಪಾದಚಿಹ್ನೆಗಳೇ ಸೂಚಿಸುತ್ತವೆ. ಹೀಗೆ ಯಾತ್ರಿಕನು ನಿರ್ಗಮನದ ಚಿತ್ರದ ಕೆಳಗೆ ಪ್ರವೇಶಿಸುತ್ತಾನೆ.

ಆ ಪ್ರವೇಶದ ಸ್ವರೂಪವೂ ಗಮನಾರ್ಹ. ತೋರಣಗಳಿಗೆ ಕದಗಳಿಲ್ಲ, ಎಂದರೆ ಅವು ಯಾರನ್ನೂ ತಡೆಯುವುದಿಲ್ಲ. ಆದರೆ ಕಲ್ಲಿನ ಕಟಾಂಜನವು ಅಲ್ಲಿ ಲಂಬಕೋನದಲ್ಲಿ ತಿರುಗುವುದರಿಂದ ಯಾತ್ರಿಕನು ಸ್ತೂಪದತ್ತ ನೇರವಾಗಿ ನುಗ್ಗಲಾರ, ಹೊರಳಿಯೇ ನಡೆಯಬೇಕು. ದೇವಾಲಯದ ಬಾಗಿಲು ಗರ್ಭಗೃಹದತ್ತ ಒಯ್ಯುತ್ತದೆ. ಸ್ತೂಪವೋ ಘನರಾಶಿ, ಅದಕ್ಕೆ ಪ್ರವೇಶಿಸಬಹುದಾದ ಒಳಗಿಲ್ಲ. ತೋರಣವು ಒಯ್ಯುವುದು ಪ್ರದಕ್ಷಿಣಾಪಥಕ್ಕೆ ಮಾತ್ರ.

ಇದು ಶಿಲ್ಪಿಗಳ ಘೋಷಿತ ಉದ್ದೇಶವೆಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ಕದವಿಲ್ಲದಿದ್ದರೂ ನಡಿಗೆಯನ್ನು ನಿಯಮಿಸುವ ಈ ರಚನೆಯಲ್ಲಿ ಗ್ರಂಥಗಳ ಎರಡೂ ಅರ್ಥಗಳು ಕೂಡಿಬರುತ್ತವೆ. ಬೌದ್ಧ ದ್ವಾರದ ಅರ್ಥವಿರುವುದು ತಲುಪುವ ಸ್ಥಳದಲ್ಲಲ್ಲ, ನಡೆಯುವವನ ನಡೆ ಬದಲಾಗುವುದರಲ್ಲಿ. ಸಂಖ್ಯೆಯನ್ನು ಮಾತ್ರ ಆಧರಿಸಿದ ವ್ಯಾಖ್ಯಾನದಲ್ಲಿ ಕಣ್ಮರೆಯಾಗುವುದು ಈ ಅಂಶವೇ.