ಹಚ್ಚೆಯ ರಿಯಾಯಿತಿ: ಹೊಗಳಿಕೆಗೆ ತಕ್ಕ ನಿಯಮವೇ?

ಸೇನೆಯ ಭರ್ತಿ ಅಧಿಸೂಚನೆಯಲ್ಲಿ ಹಚ್ಚೆಯ ಬಗೆಗಿರುವ ಮೂರು ನಾಲ್ಕು ಸಾಲುಗಳಿಗೆ ಯೋಗ್ಯತೆಗೆ ಮೀರಿದ ಹೆಸರು ಬಂದುಬಿಟ್ಟಿದೆ. ದೇಸಿ ಸಂಪ್ರದಾಯಕ್ಕೆ ಸರ್ಕಾರ ತೋರಿದ ಮರ್ಯಾದೆಯಿದು ಎಂದು ಜಾನಪದದ ಕಡೆಯವರು ಮೆಚ್ಚುತ್ತಾರೆ. ಬಹಳ ಉದಾರ ನಿಯಮ ಎಂದು ಭರ್ತಿ ತರಬೇತಿ ಕೊಡುವವರು ಹೇಳುತ್ತಾರೆ. ನಿಯಮ ಬಹುಮಂದಿಗೆ ಗೊತ್ತಿರುವುದೇ. ಶಾಶ್ವತ ಹಚ್ಚೆ ಮುಂಗೈಯ ಒಳಭಾಗದಲ್ಲಿ, ಅಂದರೆ ಮೊಣಕೈಯ ಒಳಗಿನಿಂದ ಮಣಿಕಟ್ಟಿನವರೆಗೆ, ಅಥವಾ ಹಸ್ತದ ಹಿಂಬದಿಯಲ್ಲಿ ಇರಬಹುದು. ಮೈಯ ಬೇರೆಲ್ಲಿದ್ದರೂ ಅಭ್ಯರ್ಥಿ ಹೊರಗೆ. ಬುಡಕಟ್ಟಿನವರ ಮುಖದ ಮೇಲೋ ಮೈಮೇಲೋ ರೂಢಿಯ ಗುರುತುಗಳಿದ್ದರೆ ಒಂದೊಂದನ್ನೂ ಬಿಡಿಯಾಗಿ ನೋಡಿ ತೀರ್ಮಾನಿಸುತ್ತಾರೆ. ಈ ಕೊನೆಯ ಮಾತೇ ಹೊಗಳಿಕೆಗೆಲ್ಲ ಆಧಾರ. ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರಿನಿಂದ ನೋಡಿದರೆ ಈ ಆಧಾರ ನಿಲ್ಲುವುದಿಲ್ಲ.

ಮೊದಲು ಜಾಗದ ಮಾತು. ಮುಂಗೈ ಯಾಕೆ ಸರಿ, ತೋಳು ಯಾಕೆ ತಪ್ಪು ಎಂಬುದಕ್ಕೆ ಸೇನೆಯ ನಿಯಮ ಕಾರಣ ಕೊಡುವುದಿಲ್ಲ. ಕಾರಣ ಸಿಗುವುದು ಅದರ ತಮ್ಮನಂತಿರುವ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿಯಮದಲ್ಲಿ. ನಮ್ಮದು ಜಾತ್ಯತೀತ ದೇಶ, ಜನರ ಧಾರ್ಮಿಕ ಭಾವನೆಗೆ ಬೆಲೆ ಕೊಡಬೇಕು, ಆದ್ದರಿಂದ ದೇವರ ಚಿಹ್ನೆ ಮತ್ತು ಹೆಸರಿನ ಹಚ್ಚೆಗೆ ಅಡ್ಡಿಯಿಲ್ಲ ಎಂದು ಆ ನಿಯಮ ದೊಡ್ಡ ಮನಸ್ಸಿನಿಂದಲೇ ಶುರುವಾಗುತ್ತದೆ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮನಸ್ಸು ಸಣ್ಣದಾಗುತ್ತದೆ: ಮುಂಗೈಯ ಹಚ್ಚೆ ಎಡಗೈಯಲ್ಲೇ ಇರಬೇಕು, ಯಾಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ, ಗಾತ್ರವೂ ಆ ಭಾಗದ ಕಾಲುಭಾಗ ಮೀರಬಾರದು. ಸೆಲ್ಯೂಟಿನ ಗೌರವವೇ ಕಾರಣವಾಗಿದ್ದರೆ ಭೂಸೇನೆಯೂ ಬಲಗೈಯಲ್ಲೇ ಸೆಲ್ಯೂಟ್ ಹೊಡೆಯುತ್ತದೆಯಲ್ಲ? ಅದರ ನಿಯಮದಲ್ಲಿ ಎಡ ಬಲ ಎಂಬ ಭೇದವೇ ಇಲ್ಲ. ಅಂದಮೇಲೆ ಬಲ ಮುಂಗೈಯ ಒಳಗೆ ಬಸವಣ್ಣನ ಚಿತ್ರವಿರುವ ಹುಡುಗ ಭೂಸೇನೆಗೆ ಯೋಗ್ಯ, ಆ ಪಡೆಗಳಲ್ಲೊಂದಾದ ಬಿಎಸ್ಎಫ್‌ಗೆ ಅಯೋಗ್ಯ. ಗಡಿ ಅದೇ, ಕೈಯೂ ಅದೇ. ಶಿಸ್ತಿನ ಹೆಸರಲ್ಲಿ ಇದನ್ನು ಸಮರ್ಥಿಸುವವರು ಎರಡರಲ್ಲಿ ಯಾವ ನಿಯಮ ಶಿಸ್ತಿನದು ಎಂದು ಮೊದಲು ಹೇಳಲಿ.

ಕೋರ್ಟುಗಳಿಗೂ ಇದು ತಲೆನೋವೇ. ಬಲಗೈಯ ಧಾರ್ಮಿಕ ಹಚ್ಚೆಯ ಕಾರಣಕ್ಕೆ ಇನ್ನೊಂದು ಕೇಂದ್ರ ಪಡೆಯಾದ ಸಿಐಎಸ್ಎಫ್ ಕೈಬಿಟ್ಟಿದ್ದ ಸೊಲ್ಲಾಪುರದ ಯುವಕನೊಬ್ಬನ ಪರವಾಗಿ ಬಾಂಬೆ ಹೈಕೋರ್ಟ್ ನಿಂತಿತು. ಸೇನೆ ಒಪ್ಪುವ ಗುರುತನ್ನು ಈ ಪಡೆ ಒಪ್ಪದಿರುವುದು ಅಲ್ಲಿ ಚರ್ಚೆಗೆ ಬಂತು. ವಾಯುಪಡೆಯ ಪ್ರಕರಣವೊಂದರಲ್ಲಿ 2017ರಲ್ಲಿ ದೆಹಲಿ ಹೈಕೋರ್ಟ್ ಉಲ್ಟಾ ದಾರಿ ಹಿಡಿಯಿತು: ಹಚ್ಚೆ ವಿನಾಯಿತಿಯ ಜಾಗದಲ್ಲಿಲ್ಲ, ಅಭ್ಯರ್ಥಿ ಬುಡಕಟ್ಟಿನವನೂ ಅಲ್ಲ, ಹಾಗಾಗಿ ಪರಿಹಾರವಿಲ್ಲ. ಅದೇ ಹೈಕೋರ್ಟ್ 2022ರಲ್ಲಿ ಇನ್ನೊಬ್ಬನಿಗೆ ಹಚ್ಚೆ ಅಳಿಸಿಕೊಂಡು ಮತ್ತೆ ವೈದ್ಯಕೀಯ ಪರೀಕ್ಷೆಗೆ ಬರಲು ಅವಕಾಶ ಕೊಟ್ಟಿತು. ಕೇಳಲು ಹಿತವಾಗಿದೆ. ಆದರೆ ಲೇಸರ್‌ನಿಂದ ಹಚ್ಚೆ ಅಳಿಸಲು ಸಾಮಾನ್ಯವಾಗಿ ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು, ದುಡ್ಡು ಬೇಕು, ಕಲೆಯೂ ಉಳಿಯಬಹುದು. ಹೈಕೋರ್ಟಿನ ಮೆಟ್ಟಿಲು ಹತ್ತಬಲ್ಲವನಿಗೆ ಸಿಕ್ಕ ಪರಿಹಾರವನ್ನು ನಿಯಮದ ಔದಾರ್ಯದ ಲೆಕ್ಕಕ್ಕೆ ಸೇರಿಸಲಾಗದು.

ಇನ್ನು ಬುಡಕಟ್ಟಿನ ವಿನಾಯಿತಿ. ವಿಜಯಪುರ ಜಿಲ್ಲೆಯ ತಾಂಡಾಗಳ ಲಂಬಾಣಿ ಹಿರಿಯ ಹೆಂಗಸರ ಕೈ ಮುಖಗಳಲ್ಲಿ ಹಚ್ಚೆ ಎದ್ದು ಕಾಣುತ್ತದೆ. ಆದರೆ ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ತೆಲಂಗಾಣ, ಆಂಧ್ರಗಳಲ್ಲಿ ಅದೇ ಜನ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪಟ್ಟಿ ನೋಡಿ ಬುಡಕಟ್ಟನ್ನು ಗುರುತಿಸುವುದಾದರೆ ಗದ್ದದ ಮೇಲಿನ ಅವೇ ಮೂರು ಚುಕ್ಕೆ ತೆಲಂಗಾಣದಲ್ಲಿ ಸಂಪ್ರದಾಯ, ನಮ್ಮ ಜಿಲ್ಲೆಯ ಇಂಡಿಯಲ್ಲಿ ದೋಷ. ಇನ್ನು ಊರೊಳಗಿನ ಒಕ್ಕಲು ಮನೆಗಳ ಹಚ್ಚೆಯಂತೂ ವಿನಾಯಿತಿಯ ಹತ್ತಿರವೂ ಸುಳಿಯುವುದಿಲ್ಲ. ಕೊರವಂಜಿಯರು ಮನೆಮನೆಗೆ ಬಂದು ಹಚ್ಚೆ ಹಾಕಿದ್ದು ಬುಡಕಟ್ಟಿನವರಿಗಷ್ಟೇ ಅಲ್ಲವಲ್ಲ. ಸಂಪ್ರದಾಯ ಬುಡಕಟ್ಟಿಗೆ ಮಾತ್ರ ಇದೆ, ಉಳಿದವರದೆಲ್ಲ ಶೋಕಿ ಎಂಬ ಎಣಿಕೆ ಈ ಸಾಲಿನ ಒಳಗಿದೆ. ನಮ್ಮ ಜಾನಪದ ಪಂಡಿತರು ಇದನ್ನು ಗಮನಿಸದೆ ಚಪ್ಪಾಳೆ ತಟ್ಟಿದ್ದು ಸೋಜಿಗ. ಹಚ್ಚೆ ಎಂದರೆ ಅವರ ಕಣ್ಣ ಮುಂದೆ ಬರುವುದು ಅಜ್ಜಿಯ ಕೈ. ಭರ್ತಿಗೆ ಓಡುವವನು ಮೊಮ್ಮಗ. ಅವನ ಹಚ್ಚೆ ಜಾತ್ರೆಯಲ್ಲಿ ಮಷಿನ್ ಹಿಡಿದು ಕೂತವನು ಹಾಕಿದ್ದು, ಬಹುಶಃ ತೋಳಿನ ಮೇಲೆ, ಬಹುಶಃ ಅವ್ವನ ಹೆಸರು. ಜಾನಪದ ಗ್ರಂಥಗಳಲ್ಲಿ ಆ ಹಚ್ಚೆಗೆ ಜಾಗವಿಲ್ಲ, ಹಾಗಾಗಿ ಅವನ ಪರವಾಗಿ ಮಾತಾಡುವವರೂ ಇಲ್ಲ.

ನಿಯಮದ ನಿಜವಾದ ಕೊರತೆ ಇಲ್ಲಿದೆ. ಹಚ್ಚೆ ಎಲ್ಲಿದೆ, ಯಾವ ಸಮುದಾಯದ್ದು ಎಂದು ಅದು ಕೇಳುತ್ತದೆ. ಯಾವ ವಯಸ್ಸಿನಲ್ಲಿ ಹಾಕಿದ್ದು ಎಂದು ಕೇಳುವುದೇ ಇಲ್ಲ. ಅಗ್ನಿವೀರ ಭರ್ತಿಗೆ ಕನಿಷ್ಠ ವಯಸ್ಸು ಹದಿನೇಳೂವರೆ. ಜಾತ್ರೆಯ ಹಚ್ಚೆ ಎಷ್ಟೋ ಸಲ ಹತ್ತು ಹನ್ನೆರಡಕ್ಕೇ ಬಿದ್ದಿರುತ್ತದೆ. ನಿಯಮ ಮೊದಲೇ ಇತ್ತಲ್ಲ, ಓದಿಕೊಳ್ಳಬಾರದಿತ್ತೇ ಎಂಬ ಆಕ್ಷೇಪ ವಯಸ್ಕನಿಗೆ ಸಲ್ಲುತ್ತದೆ, ಐದನೇ ಇಯತ್ತೆಯ ಹುಡುಗನಿಗೆ ಸಲ್ಲದು. ಗ್ಯಾಂಗಿನ ಗುರುತು, ದ್ವೇಷದ ಚಿಹ್ನೆ ಒಳಗೆ ಬಂದಾವು ಎಂಬ ಭಯ ನ್ಯಾಯವಾದದ್ದೇ. ಅದಕ್ಕೆ ಹಚ್ಚೆಯಲ್ಲಿ ಏನಿದೆ ಎಂದು ನೋಡಬೇಕು, ಎಲ್ಲಿದೆ ಎಂದಲ್ಲ. ಹಚ್ಚೆಯ ಸೂಜಿಯಿಂದ ಸೋಂಕು ತಗುಲೀತು ಎಂಬ ಮಾತಿಗೆ ರಕ್ತಪರೀಕ್ಷೆ ಇದೆ.

ಉದಾರ ಎಂಬ ಬಿರುದನ್ನು ಅಳೆಯಲು ಅಮೆರಿಕದ ಸೇನೆಯ ಜೊತೆ ಹೋಲಿಸಿದರೆ ಸಾಕು. 2014ರಲ್ಲಿ ಅಲ್ಲಿ ನಿಯಮ ಬಿಗಿಯಾಯಿತು, 2015ರಲ್ಲಿ ಸಡಿಲವಾಯಿತು, 2022ರ ಜೂನ್‌ನಲ್ಲಿ ಪ್ರತಿ ಹಸ್ತದ ಮೇಲೆ ಒಂದಿಂಚಿನ, ಕತ್ತಿನ ಹಿಂದೆ ಎರಡಿಂಚಿನ ಹಚ್ಚೆಗೂ ಒಪ್ಪಿಗೆ ಸಿಕ್ಕಿತು. ಮಿತಿ ಮೀರಿದರೆ ಮೇಲಧಿಕಾರಿಗೆ ಬರೆದು ವಿನಾಯಿತಿ ಕೇಳುವ ದಾರಿಯೂ ಅಲ್ಲಿದೆ. ಅವರೇನೂ ಸಂಸ್ಕೃತಿಪ್ರೇಮಿಗಳಾಗಿ ಹೀಗೆ ಮಾಡಲಿಲ್ಲ. ಅವರಿಗೆ ಹುಡುಗರು ಸಿಗುತ್ತಿರಲಿಲ್ಲ. ನಮ್ಮಲ್ಲಿ ಒಂದು ಹುದ್ದೆಗೆ ಸಾಲುಗಟ್ಟಿ ನಿಲ್ಲುತ್ತಾರೆ, ಆದ್ದರಿಂದ ಹಚ್ಚೆ ನಿಯಮ ಜರಡಿಯ ಕೆಲಸ ಮಾಡುತ್ತದೆ. ಆನ್‌ಲೈನ್ ಪರೀಕ್ಷೆ ಪಾಸಾಗಿ, 1.6 ಕಿ.ಮೀ. ಓಡಿ ಗೆದ್ದವನೂ ತೋಳಿನ ಎರಡಕ್ಷರಕ್ಕೆ ಹೊರಬೀಳಬಹುದು, ಅದೂ ನಾಲ್ಕು ವರ್ಷದ ನಂತರ ನಾಲ್ವರಲ್ಲಿ ಒಬ್ಬನನ್ನಷ್ಟೇ ಉಳಿಸಿಕೊಳ್ಳುವ ಅಗ್ನಿಪಥ ಯೋಜನೆಯ ಕೆಲಸಕ್ಕೆ. ಜರಡಿ ಬೇಕೆಂದರೆ ಇಟ್ಟುಕೊಳ್ಳಲಿ, ಅದನ್ನು ಸಂಪ್ರದಾಯದ ಗೌರವ ಎಂದು ಕರೆಯುವುದು ಬೇಡ.

ಹದಿನೆಂಟು ತುಂಬುವ ಮೊದಲು ಬಿದ್ದ, ಯಾರನ್ನೂ ನೋಯಿಸದ ಹಚ್ಚೆ ಮೈಯ ಯಾವ ಭಾಗದಲ್ಲಿದ್ದರೂ ಒಪ್ಪುವ ಒಂದು ಸಾಲು ನಿಯಮಕ್ಕೆ ಸೇರಬೇಕು. ಅಲ್ಲಿಯವರೆಗೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪ್ರಾಥಮಿಕ ಶಾಲೆಗಳ ಮಾಸ್ತರರು ಈಗಿರುವ ನಿಯಮವನ್ನೇ ಕನ್ನಡದಲ್ಲಿ ಬರೆದು, ಜಾತ್ರೆಯ ದಿನ ಬರುವ ಮುಂಚೆ, ಐದನೆಯ ತರಗತಿಯ ಗೋಡೆಗೆ ಅಂಟಿಸಲಿ.